ಬಬಲೇಶ್ವರದ ಕಾರಿನ ಸೈಲೆನ್ಸರು

ಜಲನಗರದ ಬಸಗೊಂಡಪ್ಪನ ಮನೆಯಲ್ಲಿ ಆ ಸೋಮವಾರ ರೊಟ್ಟಿ ಬಡಿಯುವ ಸದ್ದಿಗಿಂತ ಜಗಳದ ಸದ್ದೇ ಜೋರಾಗಿತ್ತು. ಜಗಳ ಹೊಲದ್ದಲ್ಲ, ಬಂಗಾರದ್ದೂ ಅಲ್ಲ. ಬಬಲೇಶ್ವರದ ಒಬ್ಬ ಹುಡುಗನ ಕಾರಿಗೆ ಯಾವ ಲೋಹದ ಸೈಲೆನ್ಸರ್ ಮಾಡಬೇಕು ಎಂಬುದರ ಜಗಳ. ಇಂಥದ್ದಕ್ಕೂ ಊಟದ ತಾಟಿನ ಮುಂದೆ ಕೂತು ಹೊಡೆದಾಡುತ್ತಾರೆಯೇ ಎಂದು ಕೇಳಬೇಡಿ. ಸೈಲೆನ್ಸರ್ ಮಾಡಿಯೇ ಮೂರು ತಲೆಮಾರು ಉಂಡ ಮನೆ ಅದು.

ಮುದುಕ ಬಸಗೊಂಡಪ್ಪ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಗ್ಯಾಸ್ ಬೆಸುಗೆ ಹಿಡಿದು, ಲಾರಿಗಳ ತೂತುಬಿದ್ದ ಕೊಳವೆಗಳಿಗೆ ತೇಪೆ ಹಾಕುತ್ತ ಅಂಗಡಿ ಕಟ್ಟಿದವನು. ಅವನ ಮಗ ಸಂಗನಬಸವ ಅದೇ ಅಂಗಡಿಗೆ ಸ್ಟೀಲು ತಂದ. ಸಂಗನಬಸವನ ಮಗಳು ಶೈಲಶ್ರೀ ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯಲ್ಲಿ ನಯವಾದ ಟಿಗ್ ಬೆಸುಗೆ ಕಲಿತು ಬಂದು, ಅಂಗಡಿಯ ಹಿಂದಿನ ಖೋಲಿಯಲ್ಲಿ ಮಷಿನ್ ಇಟ್ಟುಕೊಂಡಿದ್ದಳು. ಅವಳ ಅಣ್ಣ ಅರುಣಕುಮಾರ ಗಲ್ಲಾದ ಮೇಲೆ ಕೂಡುವವನು. ಒಂದು ಕಿಡಿ ಅಂಗಿಗೆ ತಾಗಿದರೆ ದಿನವಿಡೀ ಅದನ್ನೇ ಸವರಿಕೊಳ್ಳುವ ಆಸಾಮಿ. ಅವನಿಗೆ ಬೇಕಾಗಿದ್ದದ್ದು ಆ ಹಿಂದಿನ ಖೋಲಿ. ಅಲ್ಲಿ ಸೀಟ್ ಕವರು, ಬಣ್ಣದ ದೀಪ, ಹಾಡಿನ ಪೆಟ್ಟಿಗೆ ಇಟ್ಟು ಮಾರಿದರೆ ನಾಲ್ಕು ಕಾಸು ಕಾಣಬಹುದು ಎನ್ನುವುದು ಅವನ ವಾದ.

ಗಿರಾಕಿಯ ಹೆಸರು ಅಜಿತ. ಅವರಪ್ಪನದು ಬಬಲೇಶ್ವರದಲ್ಲಿ ಒಣದ್ರಾಕ್ಷಿಯ ವ್ಯಾಪಾರ. ಈ ಹುಡುಗನಿಗೆ ಕಾರ್ ರೇಸಿನ ಹುಚ್ಚು. ಕಾರಿನ ಭಾರ ಇಳಿಸಲು ಹಿಂದಿನ ಸೀಟು ಕಿತ್ತು ಒಗೆದಿದ್ದ, ಇನ್ನು ಸೈಲೆನ್ಸರಿನ ಸರದಿ.

"ಅಲ್ಯೂಮಿನಿಯಂ ಹಾಕ್ರಿ, ಹಗರೂ ಐತಿ, ಅಗ್ಗಾನೂ ಐತಿ," ಎಂದ ಅರುಣಕುಮಾರ, ಬದನೆಕಾಯಿಯ ಎಣ್ಣೆಯಲ್ಲಿ ರೊಟ್ಟಿ ಒತ್ತುತ್ತ.

"ಎಂಜಿನ್ ಬಾಯಿಗೆ ಅಲ್ಯೂಮಿನಿಯಂ ಹಚ್ಚಿದ್ರ ಟಿಕೋಟಾ ಮುಟ್ಟೂದ್ರಾಗ ಮೆತ್ತಗಾಗಿ ಜೋತ ಬೀಳತೈತಿ," ಎಂದಳು ಶೈಲಶ್ರೀ. "ಹಿಂದಿನ ಡಬ್ಬಿ ಮ್ಯಾಲಿನ ಹೊದಿಕಿಗೆ ಬೇಕಾದ್ರ ನಡೀತೈತಿ. ಕೊಳವಿಗೆ ಆಗೂದಿಲ್ಲ."

"ಹಂಗಾರ ತೆಳ್ಳನ ಸ್ಟೀಲ ಹಾಕೂಣು," ಎಂದ ಸಂಗನಬಸವ.

"ಸ್ಟೀಲ ಅಂದ್ರ ಅವರು ನಮ್ಮ ಕಡೆ ಯಾಕ ಬರ್ತಿದ್ರು ಅಪ್ಪಾ? ಎಂಜಿನ್ ಹತ್ರ ಸ್ಟೀಲ ಇಡೂಣು, ಅಲ್ಲಿ ಕಾವು ಭಾಳ. ನಡುವಿನಿಂದ ಹಿಂದಕ ಪೂರಾ ಟೈಟೇನಿಯಂ. ಅರ್ಧ ಭಾರ ಇಳೀತೈತಿ. ಎರಡಕ್ಕೂ ಬೆಸುಗಿ ಕೂಡೂದಿಲ್ಲ, ನಡುವ ಬೋಲ್ಟ ಹಾಕಿ ಬಿಗೀತೀನಿ."

ಮುದುಕ ಮಜ್ಜಿಗೆ ಕೆಳಗಿಟ್ಟ. "ಕಬ್ಬಿಣಕ್ಕ ಕಬ್ಬಿಣ ಕೂಡ್ತಿತ್ತು ನಮ್ಮ ಕಾಲದಾಗ. ಈಗ ಲೋಹಕ್ಕೂ ಬೀಗತನ ಒಗ್ಗೂದಿಲ್ಲಂತ."

"ಕೆಟ್ರ ಯಾರ ಜವಾಬ್ದಾರಿ?" ಅರುಣಕುಮಾರ ತಂಗಿಯನ್ನು ನೋಡಲಿಲ್ಲ, ಅಪ್ಪನನ್ನು ನೋಡಿದ. "ಆ ಲೋಹದ ರೊಕ್ಕದಾಗ ನನ್ನ ಅರ್ಧ ಅಂಗಡಿ ತುಂಬತೈತಿ."

ಸಂಗನಬಸವ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ. ಬಹಳ ಹೊತ್ತು ರೊಟ್ಟಿ ಜಗಿದು ತೀರ್ಪು ಕೊಟ್ಟ. "ಈ ಕೆಲಸ ಚಲೋ ಆದ್ರ ಹಿಂದಿನ ಖೋಲಿ ಕಾಯಂ ಶೈಲಾಂದು, ಮತ್ತ ಯಾರೂ ತಕರಾರ ತೆಗೀಬಾರದು. ಕೆಟ್ರ ಅರುಣಂದು. ಮುಗೀತು."

ಶೈಲಶ್ರೀಗೆ ಆ ಖೋಲಿಯೆಂದರೆ ಜೀವ. ಹತ್ತು ಹೆಜ್ಜೆಯ ಕತ್ತಲೆ ಜಾಗ, ಬೇಸಿಗೆಯಲ್ಲಿ ಒಲೆ. ಆದರೂ ಈ ಊರಿನಲ್ಲಿ ಅವಳು ಬಾಗಿಲು ಹಾಕಿಕೊಂಡು ತನ್ನ ಕೈಯನ್ನು ತಾನು ನಂಬಬಹುದಾದ ಜಾಗ ಅದೊಂದೇ ಇತ್ತು.

ಪುಣೆಯಿಂದ ಕೊಳವೆಗಳು ಬಂದವು. ಶೈಲಶ್ರೀ ನಸುಕಿನಲ್ಲೇ ಎದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿದಿಟ್ಟು ಅಂಗಡಿಗೆ ಹೋಗಬೇಕಾಗಿತ್ತು. ಅದು ಅವ್ವ ಸೌಭಾಗ್ಯಳ ಕಾಯ್ದೆ. "ಅಂಗಡ್ಯಾಗ ನೀ ಏನರೆ ಸುಡು, ಮನ್ಯಾಗ ಹಂಚು ಆರಬಾರದು," ಎನ್ನುತ್ತಿದ್ದಳು. ಅರುಣಕುಮಾರ ಅದೇ ರೊಟ್ಟಿ ತಿಂದು, ಹಲ್ಲಿಗೆ ಕಡ್ಡಿ ಆಡಿಸುತ್ತ ಅವಳಿಗಿಂತ ಎರಡು ತಾಸು ತಡವಾಗಿ ಅಂಗಡಿಗೆ ಬರುತ್ತಿದ್ದ.

ಬಸಗೊಂಡಪ್ಪನಿಗೆ ಅಂಗಡಿಯಲ್ಲಿ ಈಗ ಕೆಲಸವಿರಲಿಲ್ಲ, ಬಾಗಿಲ ಬಳಿ ಒಂದು ಸ್ಟೂಲು ಇತ್ತು. ಅಲ್ಲಿ ಕೂತು ಹಳೇ ಲಾರಿ ಡ್ರೈವರುಗಳಿಗೆ ಚಹಾ ಕುಡಿಸುವುದೇ ಅವನ ದಿನಚರಿ. ಅದನ್ನೂ ಬಿಡಿಸಬೇಕೆಂದು ಮಗ, ಮೊಮ್ಮಗ ಇಬ್ಬರೂ ಆಗಾಗ ಗೊಣಗುತ್ತಿದ್ದರು. ಕಣ್ಣು ಮಂಜಾಗಿದೆ, ಎಲ್ಲಿಯಾದರೂ ಎಡವಿ ಬಿದ್ದಾನು ಎಂಬ ನೆಪ. ಹೊಸ ಲೋಹ ಬಂದಾಗ ಮುದುಕ ಸಣ್ಣ ಕೂಸಿನಂತೆ ಒಳಗೆ ಬಂದು ಕೈ ಚಾಚಿದ.

"ಮುಟ್ಟಬ್ಯಾಡ ಮುತ್ಯಾ."

"ಯಾಕ ಬೇ? ಇದೇನ್ ಮಡಿ ಉಟ್ಟೈತೇನ?"

"ಹಂಗ ತಿಳ್ಕೊ. ಕೈಯಾಗಿನ ಎಣ್ಣಿ, ಬೆವರು ಹತ್ತಿದ್ರೂ ಬೆಸುಗಿ ಹಾಕೂ ಮುಂದ ಅದು ಒಳಗ ಕೂತ ಸೀಳತೈತಿ. ನಾನೂ ಕೈಗವಸ ಹಾಕ್ಕೊಂಡ ಮುಟ್ತೀನಿ. ಕೊಳವಿ ಒಳಗೂ ಹೊರಗೂ ಆರ್ಗಾನ್ ಗ್ಯಾಸ್ ತುಂಬಬೇಕು, ಗಾಳಿ ಸೈತ ಹೊಗಬಾರದು."

"ನಲವತ್ತ ವರ್ಷ ಲೋಹ ಮುಟ್ಟಿ ಉಂಡಾಂವ ನಾ. ಈಗ ಮುಟ್ಟಬ್ಯಾಡ ಅಂತೀದಿ," ಎಂದು ನಕ್ಕ ಮುದುಕ. ನಕ್ಕನೇನೋ ನಿಜ, ಆದರೆ ಕೈ ಹಿಂದಕ್ಕೆ ತೆಗೆದುಕೊಂಡಾಗ ಅವನ ಮುಖ ಸಣ್ಣದಾಗಿತ್ತು. ಈ ಮುತ್ಯಾನೇ ಶೈಲಶ್ರೀಯನ್ನು ಸಣ್ಣವಳಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಬೆಸುಗೆಯ ಕನ್ನಡಕ ಹಾಕಿಸಿ ಕಿಡಿ ತೋರಿಸಿದವನು.

ಎರಡು ವಾರದಲ್ಲಿ ಕೊಳವೆಗಳನ್ನು ಕೊರೆದು, ಬಾಗಿಸಿ, ತೊಳೆದು, ಅಂಚಿಗೆ ಅಂಚು ಕೂಡಿಸಿ, ಅಲ್ಲೊಂದು ಇಲ್ಲೊಂದು ಚುಕ್ಕೆ ಬೆಸುಗೆ ಹಾಕಿ ನಿಲ್ಲಿಸಿದಳು. ಪೂರ್ತಿ ಬೆಸುಗೆ ಮರುದಿನಕ್ಕೆ. ಕೊಳವೆಗೆ ಶುಭ್ರವಾದ ಬಟ್ಟೆ ಸುತ್ತಿಟ್ಟು ಮನೆಗೆ ಬಂದಳು. ಮರುದಿನ ಅಮಾವಾಸ್ಯೆ.

ಅಮಾವಾಸ್ಯೆಗೆ ಅಂಗಡಿ ತೊಳೆದು ಮಷಿನ್ನುಗಳಿಗೆಲ್ಲ ಪೂಜೆ ಮಾಡಿ ಕಾಯಿ ಒಡೆಯುವುದು ಬಸಗೊಂಡಪ್ಪ ಹಾಕಿಕೊಟ್ಟ ಪದ್ಧತಿ. ಬೆಳಿಗ್ಗೆ ಹೊರಡಲು ನಿಂತ ಶೈಲಶ್ರೀಯನ್ನು ಅವ್ವ ಅಡುಗೆಮನೆಯಿಂದಲೇ ತಡೆದಳು.

"ನೀ ಎಲ್ಲಿಗೆ? ನಿನ್ನೆ ಸಂಜಿಂದ ಹೊರಗದಿ. ಪೂಜಿ ಮುಗದ ಮ್ಯಾಲ ಹೋಗು."

"ಅವ್ವಾ, ಕೆಲಸದ ಮುಂದ ಇದೆಲ್ಲಾ ಏನ?"

"ಕೆಲಸ ಮಧ್ಯಾಹ್ನ ಮಾಡು, ಯಾರ ಬ್ಯಾಡಂದ್ರು? ದೇವರ ಮುಂದ ನಿಲ್ಲಬ್ಯಾಡ ಅಷ್ಟ. ಅಲ್ಲೀತನಾ ಹೋಳಿಗಿ ಹೂರಣಾ ಅರಿ."

ಈ ಮನೆಯ ಮಡಿ ಅಂಥದ್ದು. ಹೂರಣ ಅರೆಯುವ ಕೈ ಬೇಕು, ಕಾಯಿ ಒಡೆಯುವಾಗ ಆ ಕೈ ಕಣ್ಣಿಗೆ ಬೀಳಬಾರದು. ಶೈಲಶ್ರೀ ಹೂರಣ ಅರೆದಳು, ಹೋಳಿಗೆ ಮಾಡಿದಳು, ಗಂಡಸರು ಪೂಜೆ ಮುಗಿಸಿ ಬಂದು ಉಂಡ ಮೇಲೆ ಮಧ್ಯಾಹ್ನ ಅಂಗಡಿಗೆ ಹೋದಳು. ಬಟ್ಟೆ ಸುತ್ತಿದ್ದು ಸುತ್ತಿದಂತೆಯೇ ಇತ್ತು. ಹೊರಮೈಯನ್ನು ಇನ್ನೊಮ್ಮೆ ಒರೆಸಿ, ಗ್ಯಾಸು ತುಂಬಿ, ಸಂಜೆಯವರೆಗೆ ಬೆಸುಗೆ ಹಾಕಿದಳು. ಗೆರೆ ಬೆಳ್ಳಿಯಂತೆ ಬಂತು.

ಮುದುಕ ಸ್ಟೂಲು ಬಿಟ್ಟು ಬಂದು ಬಾಗಿ ನೋಡಿದ. "ನನ್ನ ಜನ್ಮದಾಗ ಇಂಥ ಬೆಸುಗಿ ನೋಡಿಲ್ಲ ಬೇ," ಎಂದ. ಅರುಣಕುಮಾರ ಫೋಟೊ ತೆಗೆದು, ಕೊಳವೆಯ ಪಕ್ಕ ತಾನು ನಿಂತು, ಮೊಬೈಲಿನಲ್ಲಿ ಊರಿಗೆಲ್ಲ ಹಂಚಿದ. ಕೈ ಕೆಸರಾದವರು ಒಬ್ಬರು, ಬಾಯಿ ಮೊಸರಾದವರು ಇನ್ನೊಬ್ಬರು. ಆದರೂ ಅವಳಿಗೆ ಖೋಲಿ ತನ್ನದಾಯಿತಲ್ಲ ಎಂಬ ಸಂತೋಷ ಇತ್ತು.

ಆ ಸಂತೋಷ ಒಂದು ವಾರ ಬಾಳಿತು. ಅಜಿತ ರೇಸಿಗೆ ಹೊರಡುವ ಮುನ್ನಾ ದಿನ ಕಳ್ಳಕವಟಗಿಯ ದ್ರಾಕ್ಷಿ ತೋಟಕ್ಕೆ ಹೋಗಿ ಬರುತ್ತೇನೆಂದು ಕಾರು ತೆಗೆದವನು ಟಿಕೋಟಾ ಬಸ್ ನಿಲ್ದಾಣದ ಮುಂದೆ ಬಂದಾಗ ಸೈಲೆನ್ಸರ್ ಬೆಸುಗೆಯ ಗುಂಟ ಬಾಯಿ ಬಿಟ್ಟಿತು. ಕಾರು ಹಳೇ ಟ್ರ್ಯಾಕ್ಟರಿನಂತೆ ಗುಡುಗಿತು. ಚಹಾದ ಅಂಗಡಿಯ ಮಂದಿ ಎದ್ದು ನಿಂತು ನಕ್ಕರಂತೆ. ರೇಸು ತಪ್ಪಿತು. ಒಡೆದ ಕೊಳವೆ ಅಂಗಡಿಗೆ ಬಂತು, ಅದಕ್ಕಿಂತ ಮೊದಲೇ ಸುದ್ದಿ ಮನೆಗೆ ಬಂದಿತ್ತು.

ಶೈಲಶ್ರೀ ಅಳಲಿಲ್ಲ. ಕೊಳವೆಯನ್ನು ಉದ್ದಕ್ಕೆ ಸೀಳಿ ನೋಡಿದಳು. ಒಳಗೆ, ಅಂಚುಗಳು ಕೂಡುವಲ್ಲಿ, ನೀರು ಹರಿದು ಒಣಗಿದ ಜಾಡಿನ ಗುಂಟ ಬೆಸುಗೆ ಸುಣ್ಣದಂತೆ ಬೆಳ್ಳಗಾಗಿ ಪುಡಿ ಎದ್ದಿತ್ತು. ಉಳಿದ ಕಡೆ ಬೆಳ್ಳಿ ಹಾಗೇ ಇತ್ತು. ಎರಡೂ ಹೋಳು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದಳು. ಎಲ್ಲರೂ ಊಟಕ್ಕೆ ಕೂತಿದ್ದರು.

"ಮುತ್ಯಾ, ಅಮಾಸಿ ದಿನ ಈ ಕೊಳವಿಗೆ ಪೂಜಿ ಮಾಡಿದ್ಯಾ?"

"ಮಾಡೂದಿಲ್ಲೇನ ಮತ್ತ?" ಮುದುಕ ತಲೆ ಎತ್ತಿದ. "ಇಷ್ಟ ದೊಡ್ಡ ಕೆಲಸ. ಬಟ್ಟಿ ಬಿಚ್ಚಿ ಅದರ ಮ್ಯಾಲೇ ಕಾಯಿ ಒಡದೆ. ಕುಂಕುಮ ಹಚ್ಚಿದ್ರ ನೀ ಬಯ್ತೀದಿ ಅಂತ ಹಚ್ಚಲಿಲ್ಲ, ಬರೇ ಕಾಯಿ ನೀರು. ಕಲೆ ಉಳೀಬಾರದಂತ ನನ್ನ ಟವಲಿಲೆ ಒರಸಿ, ನೀ ಹೆಂಗ ಸುತ್ತಿದ್ದೆಲಾ, ಹಂಗ ಸುತ್ತಿಟ್ಟೆ."

ಅವನು ಅದನ್ನು ಮುಚ್ಚಿಡಲಿಲ್ಲ. ತಪ್ಪೆಂದು ಗೊತ್ತಿದ್ದರೆ ತಾನೆ ಮುಚ್ಚಿಡುವುದು.

"ಆ ನೀರು ಸಂದಿಲೆ ಒಳಗ ಹೋಗೇತಿ," ಎಂದಳು ಶೈಲಶ್ರೀ, ಹೋಳುಗಳನ್ನು ಅಪ್ಪನ ಮುಂದೆ ಇಟ್ಟು. "ನೋಡ್ರಿ, ಜಾಡ ಕಾಣತೈತಿ. ಕಾಯಿ ನೀರಾಗ ಉಪ್ಪು, ಸಕ್ರಿ ಇರತೈತಿ. ಅದ ಈ ಲೋಹ ತಿಂದೈತಿ. ನನ್ನ ಕೈ ತಪ್ಪಿಲ್ಲ."

ಅರುಣಕುಮಾರ ತಾಟು ಸರಿಸಿದ. "ಹೋಗ್ಗೋ. ಅಮಾಸಿ ಅಮಾಸಿಗೆ ಕಾಯಿ ಒಡದ ಅಂಗಡಿ ಉದ್ಧಾರ ಆಗೇತಿ. ದೇವರ ಕಾಯಿ ನೀರಿಗೆ ಎಲ್ಲೆರೆ ಲೋಹ ಸೀಳತೈತೇನ? ಕುಣೀಲಾರದಾಕಿ ಅಂಗಳಾ ಡೊಂಕ ಅಂದ್ಲಂತ."

"ಅಪ್ಪಾ, ನೀ ಹೇಳು. ನೀ ಬೆಸುಗಿ ಬಲ್ಲಾಂವ. ಎಲ್ಲಿ ನೀರು ಹರದೈತಿ ಅಲ್ಲಷ್ಟ ಯಾಕ ಒಡದೈತಿ?"

ಸಂಗನಬಸವ ಹೋಳನ್ನು ತಿರುವಿ ನೋಡಿದ. ಅವನಿಗೆ ಗೊತ್ತಾಯಿತು. ಬೆಸುಗೆಗಾರನ ಕಣ್ಣು ಸುಳ್ಳು ಹೇಳುವುದಿಲ್ಲ, ಬಾಯಿ ಹೇಳುತ್ತದೆ. "ಇದ್ದೀತು, ಇರಲಿಕ್ಕೂ ಇಲ್ಲ," ಎಂದ.

ಆಗ ಸೌಭಾಗ್ಯ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಹೇಳಿಬಿಟ್ಟಳು. "ಹಿರ್ಯಾರ ಮ್ಯಾಲೆ ಯಾಕ ಹಾಕ್ತಿ? ಅವತ್ತ ನೀ ಹೊರಗಿದ್ದಿ. ಮುಟ್ಟ ಆಗಿದ್ದಾಕಿ ಅಮಾಸಿ ದಿನಾನೇ ಹೋಗಿ ಬೆಸುಗಿ ಹಾಕೀದಿ. ಒಡೀದ ಏನಾದೀತು?"

ಅಪ್ಪ, ಅಣ್ಣ, ಮುತ್ಯಾ ಮೂವರೂ ತಾಟು ನೋಡುತ್ತ ಕೂತರು. ಶೈಲಶ್ರೀಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಅಣ್ಣ ಖೋಲಿಗಾಗಿ ಆಡಿದ, ಅಪ್ಪ ಅಂಜಿಕೆಗೆ ಆಡಿದ. ಹೆತ್ತ ಅವ್ವ ಮಾತ್ರ ತನಗೊಬ್ಬಳಿಗೇ ಗೊತ್ತಿದ್ದ ಮಾತನ್ನು ಗಂಡಸರ ತಾಟಿನ ಮುಂದೆ ಸುರಿದಿದ್ದಳು.

"ಮಧ್ಯಾಹ್ನ ಹೋಗಿ ಮಾಡು ಅಂದಾಕಿ ನೀನ," ಎಂದಳು. "ಮುಂಜಾನಿ ನನ್ನ ತಡೀದಿದ್ರ ಆ ಕಾಯಿ ಕೊಳವಿ ಮ್ಯಾಲೆ ಬೀಳತಿರಲಿಲ್ಲ."

"ಬಾಯಿ ಭಾಳ ಬಂದೈತಿ ನಿನಗ," ಎಂದಳು ಸೌಭಾಗ್ಯ.

ಬಸಗೊಂಡಪ್ಪ ಕೈ ತೊಳೆದು ಎದ್ದ. "ನನ್ನ ಪೂಜಿಯಿಂದ ಮನಿ ಹಾಳಾತಂದ್ರ ಈ ಮನಿ ಅನ್ನ ನನಗ ಬ್ಯಾಡ," ಎಂದು ಹೊರಗಿನ ಕಟ್ಟೆಯ ಮೇಲೆ ಹೋಗಿ ಮಲಗಿದ.

ಅಂದಿನಿಂದ ಮುದುಕ ಮನೆಯಲ್ಲಿ ಉಣ್ಣಲಿಲ್ಲ. ಎದುರುಮನೆಯ ಸೋನಾಬಾಯಿ ಕೊಟ್ಟ ಗಂಜಿ, ಚೌಕದ ಚಹಾ, ಪಾವು, ಇಷ್ಟರಲ್ಲೇ ದಿನ ದೂಡಿದ. ಸೌಭಾಗ್ಯ ಹೊತ್ತುಹೊತ್ತಿಗೆ ತಾಟು ಒಯ್ದಿಡುವಳು, ತಾಟು ಹಾಗೇ ವಾಪಸು ಬರುವುದು. ಹಿರಿಯ ಉಪವಾಸ ಬಿದ್ದಾನೆ ಎಂದು ಓಣಿಯೆಲ್ಲ ಗುಸುಗುಸು. ಮುದುಕನ ಎಲುಬು ಎದ್ದು ಕಾಣತೊಡಗಿದವು. ಮನೆಯಲ್ಲಿ ಒಬ್ಬರೂ ಶೈಲಶ್ರೀಯ ಕೂಡ ನೆಟ್ಟಗೆ ಮಾತಾಡಲಿಲ್ಲ. ಅವಳು ಬಡಿದ ರೊಟ್ಟಿ ಮಾತ್ರ ದಿನವೂ ತಪ್ಪದೆ ಖರ್ಚಾಗುತ್ತಿದ್ದವು.

ಕೊನೆಗೆ ಸಂಗನಬಸವ ಮಗಳನ್ನು ಹಿತ್ತಲಿಗೆ ಕರೆದ.

"ಅಜಿತ ಐತವಾರ ಮನಿಗೆ ಬರಾಕತ್ಯಾನ. ಅವನ ಮುಂದ ಒಂದ ಮಾತ ಅಂದ ಬಿಡು. ನನ್ನ ಕೈಲೆ ತಪ್ಪಾತ್ರಿ, ಇನ್ನೊಂದ ಮಾಡಿಕೊಡ್ತೀನಿ ಅಂತ. ನಿಮ್ಮ ಮುತ್ಯಾ ಅದನ್ನ ಕೇಳಲಿ. ಉಣ್ತಾನ."

"ಸುಳ್ಳ ಹೇಳ್ಲಿ?"

"ಮನಿ ಸಲುವಾಗಿ."

"ಮತ್ತ ನನ್ನ ಖೋಲಿ?"

"ಖೋಲಿ ನಿಂದ. ಅರುಣಗ ನಾ ಹೇಳ್ತೀನಿ. ನನ್ನ ಮ್ಯಾಲೆ ನಂಬಿಕಿ ಇಲ್ಲೇನ?"

ಶೈಲಶ್ರೀ ರಾತ್ರಿ ಹಗಲು ಯೋಚಿಸಿದಳು. ಮುತ್ಯಾ ಸೊರಗಿದ್ದು ನೋಡಲಾಗುತ್ತಿರಲಿಲ್ಲ. ಒಂದು ಸುಳ್ಳು ಹೇಳಿದರೆ ಮುದುಕನ ಹೊಟ್ಟೆಗೆ ಅನ್ನ, ತನಗೆ ಖೋಲಿ. ಹೋಗಲಿ ಬಿಡು ಎಂದುಕೊಂಡಳು. ಹೊಸ ಕೊಳವೆ ಮಾಡಿ ತೋರಿಸಿದರೆ ಕೈಯೇ ಮಾತಾಡುತ್ತದೆ.

ಐತವಾರ ಅಜಿತ ಬಂದ. ಪಡಸಾಲೆಯಲ್ಲಿ ಎಲ್ಲರೂ ಕೂತರು. ಮುದುಕನೂ ಕಟ್ಟೆಯಿಂದ ಎದ್ದು ಬಂದು ಗೋಡೆಗೆ ಒರಗಿ ಕೂತ. ಶೈಲಶ್ರೀ ಚಹಾ ಇಟ್ಟು, ನೆಲ ನೋಡುತ್ತ, ಅಪ್ಪ ಕಲಿಸಿದ್ದನ್ನು ಹೇಳಿದಳು.

"ನನ್ನ ಕೈಲೆ ತಪ್ಪಾತ್ರಿ. ಬೆಸುಗಿ ನಾನ ಕೆಡಿಸಿದೆ. ಇನ್ನೊಂದ ಪುಕಟ ಮಾಡಿಕೊಡ್ತೀನಿ."

ಅಜಿತ ಒಳ್ಳೆಯ ಹುಡುಗ. ಸಿಟ್ಟು ಮಾಡಲಿಲ್ಲ. ಚಹಾ ಕುಡಿದು, ಬಸಿ ಕೆಳಗಿಟ್ಟು, ಸಾವಕಾಶವಾಗಿ ಹೇಳಿದ.

"ಒಪ್ಕೊಂಡ್ರೆಲ್ಲ, ದೊಡ್ಡ ಮನಸ್ರಿ ನಿಮ್ದು. ಖರೇ ಹೇಳ್ಬೇಕಂದ್ರ ನಾ ಬ್ಯಾರೆ ವಿಚಾರ ಮಾಡ್ಕೊಂಡ ಬಂದಿದ್ದೆ. ನಿಮ್ಮ ಬೆಸುಗಿ ಫೋಟೊ ಪುಣೆದಾಗ ತೋರಿಸಿದ್ದೆ. ಇಷ್ಟ ಚಂದ ಗೆರಿ ಹಾಕೂ ಕೈ ಕೆಡಸೂದಿಲ್ಲ, ಒಳಗ ಏನೋ ಹೊಲಸ ಹೊಕ್ಕಿರಬೇಕಂತ ಅಂದ್ರವ್ರು. ಹಂಗೇನರೆ ಇದ್ದಿದ್ರ ಲೋಹ ನಾನ ತರಿಸಿಕೊಟ್ಟು ನಿಮ್ಮ ಕಡೇನ ಮಾಡಸ್ತಿದ್ದೆ. ಇನ್ನೂ ನಾಕ ಮಂದಿ ಗೆಳ್ಯಾರೂ ಕೇಳಿದ್ರು. ಆದ್ರ ಕೈನ ತಪ್ಪೈತಿ ಅಂದ್ರ..." ಅವನು ಸಂಕೋಚದಿಂದ ಕೈ ಹೊಸೆದ. "ಅದರ ಮ್ಯಾಲೆ ಜೀವ ಇಟ್ಟ ಗಾಡಿ ಓಡಸ್ತೀನ್ರಿ ನಾ. ಹೆಂಗ ನಂಬ್ಲಿ?"

ಶೈಲಶ್ರೀ ಅಪ್ಪನ ಮುಖ ನೋಡಿದಳು. ಅಪ್ಪ ಚಹಾದ ಬಸಿ ನೋಡುತ್ತಿದ್ದ. ಮುತ್ಯಾನ ಮುಖ ನೋಡಿದಳು. ಅವನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಯಿ ನಾನು ಒಡೆದೆನಪ್ಪಾ ಎಂದಿದ್ದರೆ ಸಾಕಿತ್ತು. ಅವನು ಟವಲಿನಿಂದ ಬಾಯಿ ಒರೆಸಿಕೊಂಡು ಗೋಡೆಯ ಕಡೆ ತಿರುಗಿದ.

"ತಪ್ಪ ನಂದಲ್ರಿ," ಎಂದಳು ಶೈಲಶ್ರೀ. "ಅವರು ಹೇಳಿದ್ದ ಖರೇ. ಒಳಗ ಕಾಯಿ ನೀರು—"

"ಈಗಷ್ಟ ತಪ್ಪ ನಂದ ಅಂದಿ," ಎಂದು ಅರುಣಕುಮಾರ ನಕ್ಕ. "ಗಿರಾಕಿ ಹೋಗ್ತಾನಂದ ಕೂಡ್ಲೆ ಕಾಯಿ ಬಂತು, ನೀರು ಬಂತು. ಸುಮ್ಮ ಒಳಗ ನಡಿ."

ಅಜಿತ ಇಬ್ಬರನ್ನೂ ನೋಡಿ, ಎದ್ದು ಕೈ ಮುಗಿದು ಹೋದ.

"ಅಪ್ಪಾ, ನೀ ಹೇಳಿದಂಗ ಹೇಳಿದೆ," ಎಂದಳು ಅವಳು.

"ನಾ ಏನ್ ಮಾಡ್ಲಿ ಮಗಳ? ಅವನ ಒಲ್ಲೆ ಅಂದ." ಸಂಗನಬಸವ ಅಂಗಿ ಹಾಕಿಕೊಂಡು ಹೊರಗೆ ನಡೆದ.

"ತಪ್ಪ ಒಪ್ಪಿಕೊಂಡ ಬೆಸುಗಿಗೆ ಯಾವ ಗಿರಾಕಿ ಬರ್ತಾನ?" ಎಂದ ಅರುಣಕುಮಾರ. "ನಾಳೆ ಟೆಂಪೊ ಬರತೈತಿ, ಸೀಟ್ ಕವರ್ ತಗೊಂಡು. ಮಷಿನ್ ಮ್ಯಾಲೆ ಗೋಣಿಚೀಲ ಹಾಕು, ಯಾರೆರೆ ತಗೊಂಡ್ರ ಕೊಟ್ಟ ಬಿಡೂಣು."

ಆ ಮಧ್ಯಾಹ್ನ ಬಸಗೊಂಡಪ್ಪ ಉಣ್ಣಲು ಕೂತ. ಸೌಭಾಗ್ಯ ಹಿಗ್ಗಿನಿಂದ ಜುಣಕ, ಶೇಂಗಾ ಹಿಂಡಿ, ಕೆನೆಮೊಸರು ಬಡಿಸಿದಳು. "ಮಾವಾರು ಉಂಡ್ರು, ಮನಿಗೆ ಕಳೆ ಬಂತು," ಎಂದು ಒಳಗೆ ಬಿಸಿ ರೊಟ್ಟಿ ತರಲು ಹೋದಳು. ಶೈಲಶ್ರೀ ಮುದುಕನ ಎದುರಿಗೆ ಬಂದು ಕೂತಳು.

"ಮುತ್ಯಾ, ನಿನಗ ಗೊತ್ತಿತ್ತು."

ಮುದುಕ ರೊಟ್ಟಿ ಮುರಿದ. ತಲೆ ಎತ್ತದೆ ಹೇಳಿದ. "ಗೊತ್ತಾತು ಬೇ. ಬಿಳೇ ಜಾಡ ನೋಡಿದ ಕೂಡ್ಲೆ ಗೊತ್ತಾತು."

"ಮತ್ತ ಒಂದ ಮಾತ ಆಡಬಾರದಿತ್ತಾ?"

"ಆಡಿದ್ರ ನಾಳಿಂದ ಆ ಸ್ಟೂಲ ಮ್ಯಾಲೆ ನನ್ನ ಕೂಡಸ್ತಿದ್ರೇನ ಇವ್ರು? ನೀ ಸಣ್ಣಾಕಿ, ಕೈಯಾಗ ವಿದ್ಯಾ ಐತಿ, ಮತ್ತೆಲ್ಲೆರೆ ಕೂಡ್ತೀದಿ. ನನಗ ಎಲ್ಲೈತಿ ಜಾಗಾ?"

ಶೈಲಶ್ರೀ ಎದ್ದಳು. ಬಾಗಿ, ಅವನ ಮುಂದಿನ ತಾಟು ಎತ್ತಿಕೊಂಡಳು.

"ಇನ್ನ ಉಣ್ಣಾಕತ್ತೇನಲ್ಲ ಬೇ," ಎಂದ ಮುದುಕ, ಕೈಯಲ್ಲಿ ರೊಟ್ಟಿಯ ಚೂರು ಹಿಡಿದುಕೊಂಡು.

ಅವಳು ಅದನ್ನು ಬಚ್ಚಲಿಗೆ ಒಯ್ದು ಸುರಿದು, ತಾಟು ತಿಕ್ಕತೊಡಗಿದಳು.